ತುಮಕೂರಿನ ಎರಡನೇ ಭಾನುವಾರದ ಗುಂಪು: ಬ್ರೈನ್ ಟ್ಯೂಮರ್ ಇರುವವರ ಮನೆಯವರಿಗಾಗಿ ಬರೆದಿದ್ದು

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಯಾರಿಗಾದರೂ ಬ್ರೈನ್ ಟ್ಯೂಮರ್ ಆಗಿದ್ದು ನೀವು ತುಮಕೂರು ಸುತ್ತಮುತ್ತ ಇದ್ದರೆ, ಈ ಗುಂಪಿಗೆ ಹೋಗಿ ಬನ್ನಿ. ಆದರೆ ಮೊದಲ ಸಲ ಪೇಷೆಂಟನ್ನು ಕರೆದುಕೊಂಡು ಹೋಗಬೇಡಿ, ನೀವೊಬ್ಬರೇ ಹೋಗಿ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಎಸ್.ಎಸ್. ಪುರಂ ಕಡೆ ಒಂದು ಟ್ಯೂಷನ್ ಕ್ಲಾಸಿನ ಕೋಣೆಯಲ್ಲಿ ಸೇರುತ್ತಾರೆ. ಹದಿನೈದರಿಂದ ಇಪ್ಪತ್ತು ಜನ ಬರುತ್ತಾರೆ. ನಡೆಸುವವರು ಇಬ್ಬರು. ಒಬ್ಬರು ರಿಟೈರ್ ಆದ ನರ್ಸ್, ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತೇವೆ. ಇನ್ನೊಬ್ಬರು ಹೈಸ್ಕೂಲ್ ಮೇಷ್ಟ್ರು. ಮೇಷ್ಟ್ರಿಗೇ ಒಂಬತ್ತು ವರ್ಷದ ಹಿಂದೆ ಮೆನಿಂಜಿಯೋಮಾ ಆಪರೇಷನ್ ಆಗಿದೆ. ಮೆದುಳನ್ನು ಸುತ್ತಿಕೊಂಡಿರುವ ಪೊರೆಯಲ್ಲಿ ಬೆಳೆಯುವ ಗಡ್ಡೆ ಅದು, ಹೆಚ್ಚಿನವು ಕ್ಯಾನ್ಸರ್ ಅಲ್ಲ. ಫೀಸ್ ಏನೂ ಇಲ್ಲ. ಬಾಗಿಲ ಹತ್ತಿರ ಒಂದು ಹಾರ್ಲಿಕ್ಸ್ ಬಾಟಲಿ ಇಟ್ಟಿರುತ್ತಾರೆ. ಕಾಫಿ ಖರ್ಚಿಗೆ ಕೈಲಾದಷ್ಟು ಹಾಕಬಹುದು, ಹಾಕದಿದ್ದರೆ ಯಾರೂ ಕೇಳುವುದಿಲ್ಲ.

ನಾವು ಗುಬ್ಬಿಯವರು. ನಮ್ಮ ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಹೋದ ವರ್ಷ ಯುಗಾದಿಗೆ ಮುಂಚೆ ಎರಡು ತಿಂಗಳು ಅವರಿಗೆ ಬೆಳಿಗ್ಗೆ ಎದ್ದ ತಕ್ಷಣ ತಲೆನೋವು, ಒಂದೊಂದು ದಿನ ವಾಂತಿ. ತೋರಿಸಿದ ಕಡೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಯುಗಾದಿ ಆದ ಮೇಲೆ ಒಂದು ದಿನ ಊಟಕ್ಕೆ ಕೂತವರು ಹಾಗೇ ಪಕ್ಕಕ್ಕೆ ವಾಲಿ ಫಿಟ್ಸ್ ಬಂತು. ಅಕ್ಕಪಕ್ಕದವರು ಓಡಿ ಬಂದರು. ಒಬ್ಬರು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು, ನಾನು ನಾಲಿಗೆ ಕಚ್ಚಿಕೊಳ್ಳುತ್ತಾರೆ ಅಂತ ಬಾಯಿಗೆ ಚಮಚ ತುರುಕಲು ಹೋದೆ. ತುಮಕೂರಲ್ಲಿ ಸ್ಕ್ಯಾನ್ ಮಾಡಿದಾಗ ಮೆದುಳಿನ ಎಡಗಡೆ ಗಡ್ಡೆ ಕಂಡಿತು, ಮಾತು ಹುಟ್ಟುವ ಜಾಗದ ಪಕ್ಕದಲ್ಲೇ. ಬೆಂಗಳೂರಿಗೆ ಕಳಿಸಿದರು. ನಿಮ್ಹಾನ್ಸ್‌ನಲ್ಲಿ ಆಪರೇಷನ್ ಆಯಿತು. ಬಯಾಪ್ಸಿ ರಿಪೋರ್ಟಿನಲ್ಲಿ ಗ್ರೇಡ್ 3 ಅಂತ ಬಂತು, ಅಂದರೆ ನಾಲ್ಕು ಹಂತದಲ್ಲಿ ಮೂರನೆಯದು, ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ. ಆಮೇಲೆ ಬೇರೆ ಆಸ್ಪತ್ರೆಯಲ್ಲಿ ಕರೆಂಟ್ ಕೊಡಿಸಿದೆವು. ರೇಡಿಯೇಷನ್‌ಗೆ ನಮ್ಮ ಕಡೆ ಎಲ್ಲರೂ ಕರೆಂಟ್ ಅಂತಲೇ ಹೇಳುವುದು. ಸೋಮವಾರದಿಂದ ಶುಕ್ರವಾರ, ಒಟ್ಟು 33 ದಿನ. ಯಶವಂತಪುರದಲ್ಲಿ ಚಿಕ್ಕಪ್ಪನ ಮನೆ ಇತ್ತು ಅನ್ನುವುದೊಂದೇ ಪುಣ್ಯ.

ಆಪರೇಷನ್ ಮಾಡಿದವರನ್ನು ನಾನು ಬದುಕಿರುವವರೆಗೂ ನೆನೆಯುತ್ತೇನೆ. ಅವರ ಕೆಲಸ ಅವರು ಪೂರ್ತಿ ಮಾಡಿದರು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಬದುಕು ಬೇರೆಯೇ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಒಂದು ಸಲ ಡಾಕ್ಟರ ಮುಂದೆ ಕೂರುತ್ತೇವೆ, ಹೊರಗೆ ನೂರು ಜನ ಕಾಯುತ್ತಿರುತ್ತಾರೆ, ಕೇಳಬೇಕು ಅಂದುಕೊಂಡಿದ್ದು ಅರ್ಧ ಮರೆತುಹೋಗುತ್ತದೆ, ಇನ್ನರ್ಧ ಇಷ್ಟು ಸಣ್ಣ ವಿಷಯ ಕೇಳುವುದಾ ಅಂತ ಬಾಯಿಗೇ ಬರುವುದಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಊಟ ಬಡಿಸು ಅನ್ನುತ್ತಾರೆ, ಬಡಿಸಲಾ? ಮಾತ್ರೆ ವಾಂತಿಯಾದರೆ ಮತ್ತೆ ಕೊಡಬೇಕಾ? ಮಗಳ ಮೇಲೆ ಕೈ ಎತ್ತಿದರು, ಇದನ್ನು ಯಾರಿಗೆ ಹೇಳಲಿ? ಇವಕ್ಕೆಲ್ಲ ಉತ್ತರ ಹೇಳುವವರು ಬೇಕಿತ್ತು ನನಗೆ. ಧೈರ್ಯವಾಗಿರಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದರು.

ಗುಂಪಿನ ಬಗ್ಗೆ ಹೇಳಿದ್ದು ಒಬ್ಬ ಹೆಂಗಸು. ತುಮಕೂರಲ್ಲಿ ಫಿಸಿಯೋಥೆರಪಿಗೆ ಹೋದಾಗ ಹೊರಗೆ ಬೆಂಚಿನ ಮೇಲೆ ಸಿಕ್ಕಿದರು. ನಮ್ಮ ಯಜಮಾನರ ತಲೆಯ ಹೊಲಿಗೆ ಗುರುತು ನೋಡಿ, "ನಿಮ್ಮನೆಯವರದೂ ಅದೇನಾ?" ಅಂದರು. ಅವರ ತಮ್ಮನಿಗೂ ಅದೇ. ಗೌರಿ ಹಬ್ಬ ಕಳೆದ ಮೇಲಿನ ಎರಡನೇ ಭಾನುವಾರ ನಾನು ಮೊದಲ ಸಲ ಹೋದೆ.

ಆವತ್ತು ಅವರು ಮೊದಲು ಕಲಿಸಿದ್ದು ಫಿಟ್ಸ್ ಬಂದರೆ ಏನು ಮಾಡಬೇಕು ಅನ್ನುವುದನ್ನ. ಹೊಸಬರು ಯಾರು ಬಂದರೂ ಸಿಸ್ಟರ್ ಇದನ್ನೇ ಮೊದಲು ಮಾಡಿಸುತ್ತಾರೆ. ನೆಲಕ್ಕೆ ಚಾಪೆ ಹಾಸಿ ಮೇಷ್ಟ್ರನ್ನು ಮಲಗಿಸಿದರು. ಒಂದು ಮಗ್ಗುಲಿಗೆ ಹೊರಳಿಸಬೇಕು, ತಲೆ ಕೆಳಗೆ ಮೆತ್ತಗಿರುವುದು ಏನಾದರೂ ಇಡಬೇಕು, ಕಾಲರ್ ಗುಂಡಿ ಸಡಿಲ ಮಾಡಬೇಕು. ಬಾಯಿಗೆ ಏನನ್ನೂ ಹಾಕಬಾರದು, ಚಮಚವೂ ಬೇಡ, ನೀರೂ ಬೇಡ. ಕೈಕಾಲು ಅದುಮಿ ಹಿಡಿಯಬಾರದು. ಬೀಗದ ಕೈಯಿಂದ, ಈರುಳ್ಳಿಯಿಂದ ಏನೂ ಆಗುವುದಿಲ್ಲ. ಫಿಟ್ಸ್ ತನ್ನಷ್ಟಕ್ಕೆ ತಾನೇ ನಿಲ್ಲುವುದು, ನಿಂತಾಗ ಎಲ್ಲರೂ ಬೀಗದ ಕೈಯಿಂದಲೇ ನಿಂತಿತು ಅಂದುಕೊಳ್ಳುತ್ತಾರೆ. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಇಲ್ಲಾ ಎಚ್ಚರ ಬರುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರ ಕೈಲಿ ಮೊಬೈಲಿನಲ್ಲಿ ವಿಡಿಯೋ ತೆಗೆಸಿ ಅಂದರು. ನನಗೆ ಇದೇನಪ್ಪ ಅನ್ನಿಸಿತು. ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತು ಅನ್ನುವುದು ಡಾಕ್ಟರಿಗೆ ಬೇಕಾಗುತ್ತದೆ, ನಾವು ಗಾಬರಿಯಲ್ಲಿ ನೋಡಿರುವುದಿಲ್ಲ, ಅದಕ್ಕೆ. ಆಮೇಲೆ ಎರಡು ಸಲ ಮನೆಯಲ್ಲಿ ಫಿಟ್ಸ್ ಬಂತು. ಎರಡು ಸಲವೂ ನನ್ನ ಮಗಳು, ಎಂಟನೇ ಕ್ಲಾಸಿನವಳು, ಗಡಿಯಾರ ನೋಡಿ ನಿಮಿಷ ಹೇಳುತ್ತಾ ನಿಂತಿದ್ದಳು. ಒಂದೂವರೆ ನಿಮಿಷ, ಎರಡು ನಿಮಿಷ. ಹೋದ ವರ್ಷ ಆ ಹೊತ್ತು ನಮಗೆ ಎಷ್ಟು ಉದ್ದ ಅನ್ನಿಸಿತ್ತು ಅಂತ ನಮಗೇ ಗೊತ್ತು.

ಇನ್ನು ಸಿಟ್ಟಿನ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಬಹಳ ಯೋಚಿಸಿದೆ. ನಮ್ಮ ಯಜಮಾನರು ಹದಿನೆಂಟು ವರ್ಷದಲ್ಲಿ ಒಂದು ದಿನ ನನಗೆ ಗದರಿದವರಲ್ಲ. ಆಪರೇಷನ್ ಆದ ಮೇಲೆ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆ ಎಸೆದರು. ಅವರ ತಂಗಿ ಬಂದು ಮಾತಾಡಿಸಿದರೆ ಮುಖ ತಿರುಗಿಸಿ ಎದ್ದು ಹೋಗುತ್ತಿದ್ದರು. ನನ್ನ ಅತ್ತೆ ಇದು ಗಾಳಿ ಸೋಕಿದ್ದು ಅಂದರು. ನಾನು ಒಳಗೊಳಗೇ ಇವರ ನಿಜವಾದ ಗುಣ ಇದೇ ಇರಬಹುದಾ ಅಂತ ಕೂಡ ಯೋಚಿಸಿದೆ, ಅದನ್ನು ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗುಂಪಿನಲ್ಲಿ ಒಬ್ಬ ಹುಡುಗ, ತನ್ನ ತಾಯಿಯನ್ನು ನೋಡಿಕೊಳ್ಳುವವನು, ತನ್ನ ಅಮ್ಮನ ಬಗ್ಗೆ ಹೇಳುತ್ತಿದ್ದ. ಅದು ಒಂದೊಂದು ಮಾತೂ ನಮ್ಮನೆಯದೇ. ಆಗ ಸಿಸ್ಟರ್ ಇಬ್ಬರನ್ನೂ ಕೇಳಿದರು, ಫಿಟ್ಸ್‌ಗೆ ಯಾವ ಮಾತ್ರೆ ಅಂತ. ಇಬ್ಬರದೂ ಲೆವೆಟಿರಸಿಟಮ್. ಬಹಳ ಜನಕ್ಕೆ ಕೊಡುವ ಒಳ್ಳೆಯ ಮಾತ್ರೆ ಅದು, ಆದರೆ ಕೆಲವರಿಗೆ ಅದರಿಂದ ಸಿಡುಕು, ಸಿಟ್ಟು, ಮಂಕು ಬರುತ್ತದೆ. ಗಡ್ಡೆ ಇರುವ ಜಾಗದಿಂದಲೂ ಸ್ವಭಾವ ಬದಲಾಗಬಹುದು. ಸ್ಟೀರಾಯ್ಡ್‌ನಿಂದಲೂ ಆಗಬಹುದು. ಯಾವುದರಿಂದ ಅಂತ ಹೇಳಬೇಕಾದವರು ಡಾಕ್ಟರು. ಸುಮ್ನೆ ಮನೆಯಲ್ಲೇ ಮಾತ್ರೆ ನಿಲ್ಲಿಸಿಬಿಟ್ಟರೆ ಫಿಟ್ಸ್ ಜೋರಾಗಿ ಬರುತ್ತದೆ, ಹಾಗೆ ಮಾಡಲೇಬಾರದು ಅಂತ ಸಿಸ್ಟರ್ ಮೂರು ಸಲ ಹೇಳಿದರು. ಮುಂದಿನ ಸಲ ಬೆಂಗಳೂರಿಗೆ ಹೋದಾಗ ನಾನು ನಾಚಿಕೆ ಬಿಟ್ಟು ತಟ್ಟೆ ಎಸೆದಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಡಾಕ್ಟರು ನಿಧಾನವಾಗಿ ಆ ಮಾತ್ರೆ ಇಳಿಸಿ ಬೇರೆ ಹಾಕಿದರು. ಮೂರು ನಾಲ್ಕು ವಾರದಲ್ಲಿ ನಮ್ಮ ಮನುಷ್ಯ ವಾಪಸ್ ಬಂದರು. ಪೂರ್ತಿ ಅಲ್ಲ, ಆದರೆ ಬಂದರು. ಈ ಒಂದು ವಿಷಯಕ್ಕಾಗಿಯೇ ನಾನು ಈ ಗುಂಪಿಗೆ ಎಷ್ಟು ಋಣಿ ಅಂತ ಹೇಳಲಾರೆ.

ರಾತ್ರಿ ಹಸಿವಿನ ಕಥೆಯೂ ಅಲ್ಲೇ ಗೊತ್ತಾಯಿತು. ಮೆದುಳಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಅಂತ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಸಿಕ್ಕಾಪಟ್ಟೆ ಹಸಿವು, ನಿದ್ದೆ ಇಲ್ಲ, ಮುಖ ಊದಿಕೊಳ್ಳುತ್ತದೆ, ಶುಗರ್ ಏರುತ್ತದೆ. ಅದನ್ನೂ ಒಮ್ಮೆಲೇ ನಿಲ್ಲಿಸಬಾರದು, ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಸಂಜೆ ಡೋಸನ್ನು ಮಧ್ಯಾಹ್ನಕ್ಕೆ ತರಬಹುದಾ ಅಂತ ಡಾಕ್ಟರನ್ನು ಕೇಳಿ ಅಂದರು. ಕೇಳಿದೆ, ಒಪ್ಪಿದರು, ರಾತ್ರಿ ನಿದ್ದೆ ಸ್ವಲ್ಪ ಸರಿಹೋಯಿತು. ಕೀಮೋ ಮಾತ್ರೆ ಟೆಮೊಜೊಲೊಮೈಡ್ ಬಗ್ಗೆಯೂ ಒಂದು ಭಾನುವಾರ ಮಾತಾಡಿದರು. ನಮಗೆ 28 ದಿನಕ್ಕೊಮ್ಮೆ 5 ದಿನ ಕೊಡುವುದು, 12 ಸುತ್ತು ಹೇಳಿದ್ದಾರೆ, 11 ಮುಗಿದಿದೆ. ಖಾಲಿ ಹೊಟ್ಟೆಯಲ್ಲಿ ಇಡೀ ನುಂಗಬೇಕು, ಅದಕ್ಕೆ ಮೊದಲು ವಾಂತಿ ಬರದ ಮಾತ್ರೆ ಕೊಡಬೇಕು. ಕ್ಯಾಪ್ಸೂಲ್ ಬಿಚ್ಚಿ ಅನ್ನದಲ್ಲಿ ಕಲಸುವುದು ಅಪಾಯ. ಒಬ್ಬರ ಮನೆಯಲ್ಲಿ ನುಂಗಲು ಆಗುವುದಿಲ್ಲ ಅಂತ ಹಾಗೇ ಮಾಡುತ್ತಿದ್ದರಂತೆ, ಆ ಪುಡಿ ಮೈಗೆ, ಉಸಿರಿಗೆ ಸೋಕಬಾರದು ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಾನು ಮಾತ್ರೆಗಳನ್ನು ನನ್ನ ಗುಂಡಿ ಡಬ್ಬಿಯಲ್ಲಿ ಇಡುತ್ತೇನೆ, ಬ್ಲೌಸಿಗೆ ಹಾಕುವ ಗುಂಡಿ, ಹುಕ್ಕು ಇಡಲು ಖಾನೆ ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ. ಒಂದು ಖಾನೆಗೆ ಒಂದು ಹೊತ್ತಿನದು. ಕೀಮೋ ಮಾತ್ರೆ ಮಾತ್ರ ಅದರಲ್ಲಿ ಹಾಕಬೇಡಿ, ಅದು ಬಂದ ಡಬ್ಬಿಯಲ್ಲೇ ಇರಲಿ ಅಂತ ಸಿಸ್ಟರ್ ತಿದ್ದಿದರು.

ಎರಡನೇ ತಿಂಗಳು ಯಜಮಾನರನ್ನು ಕರೆದುಕೊಂಡು ಹೋದೆ. ಅವರಿಗೆ ಮಾತಿನ ತೊಂದರೆ ಉಳಿದುಕೊಂಡಿತ್ತು. ವಿಷಯ ತಲೆಯಲ್ಲಿರುತ್ತದೆ, ಪದ ಸಿಗುವುದಿಲ್ಲ. ನೀರು ಬೇಕಾದರೆ "ಬೀಗ ಕೊಡು" ಅನ್ನುತ್ತಾರೆ, ತಪ್ಪು ಅಂತ ಅವರಿಗೇ ಗೊತ್ತಾಗುತ್ತದೆ, ಹಣೆ ಚಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ನಾವೆಲ್ಲ ಏನು ಮಾಡುತ್ತಿದ್ದೆವು ಅಂದರೆ, ಅವರು ಬಾಯಿ ತೆರೆಯುವ ಮೊದಲೇ ನೀರಾ, ಕಾಫಿಯಾ, ಟಿವಿ ಹಾಕಲಾ ಅಂತ ನಾಲ್ಕು ಜನ ನಾಲ್ಕು ಕಡೆಯಿಂದ ಹೇಳುತ್ತಿದ್ದೆವು. ಒಳ್ಳೆಯದಕ್ಕೇ ಅಲ್ವಾ. ಅವರು ಕೊನೆಗೆ ಮಾತಾಡುವುದನ್ನೇ ಬಿಟ್ಟಿದ್ದರು.

ಆವತ್ತು ಮೇಷ್ಟ್ರು ಅವರ ಎದುರು ಕುರ್ಚಿ ಎಳೆದುಕೊಂಡು ಕೂತರು. "ಮಕ್ಕಳೆಷ್ಟು ಸ್ವಾಮಿ ನಿಮಗೆ?" ಅಂದರು. ನಾನು ಹೇಳಲು ಹೋದೆ, ಸಿಸ್ಟರ್ ನನ್ನ ಮೊಣಕೈ ಹಿಡಿದರು. ಕೋಣೆಯಲ್ಲಿ ಹದಿನೆಂಟು ಜನ, ಒಬ್ಬರೂ ಮಾತಾಡಲಿಲ್ಲ. ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಯಜಮಾನರು ಬಲಗೈ ತೊಡೆಯ ಮೇಲಿಟ್ಟು ಬೆರಳು ಮಡಚಲು ಶುರು ಮಾಡಿದರು. ಒಂದು. ಎರಡು. ಅಲ್ಲಿಗೆ ನಿಲ್ಲಿಸಿ ತಲೆ ಎತ್ತಿದರು. "ಎರಡಾ?" ಅಂದರು ಮೇಷ್ಟ್ರು. ಹೌದು ಅಂತ ತಲೆ ಆಡಿಸಿದರು. ಮಂಡಿಯಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದ ಮನುಷ್ಯ. ಪದ ಕೈಕೊಟ್ಟಿತ್ತು, ಎಣಿಕೆ ಕೈಕೊಟ್ಟಿರಲಿಲ್ಲ, ಎಣಿಸುತ್ತಾ ಹೋಗಿ ಬೇಕಾದ ಕಡೆ ನಿಂತರು. ವಾರದ ಹೆಸರು, ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ವಚನ, ಮಗ್ಗಿ, ಇವೆಲ್ಲ ಹೀಗೆ ಉಳಿದುಕೊಂಡಿರುತ್ತವಂತೆ. ನನಗೆ ಅದು ಯಾರೂ ಹೇಳಿರಲಿಲ್ಲ. ಈಗ ನಾವು ಮನೆಯಲ್ಲಿ ಹಾಗೇ ಮಾಡುತ್ತೇವೆ. ಯಾವ ದಿನ ಬೆಂಗಳೂರಿಗೆ ಹೋಗಬೇಕು ಅಂತ ಹೇಳಬೇಕಾದರೆ ಅವರು ಭಾನುವಾರದಿಂದ ಶುರು ಮಾಡಿ ಬುಧವಾರಕ್ಕೆ ನಿಲ್ಲುತ್ತಾರೆ. ನಾವು ಕಾಯುತ್ತೇವೆ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಹೌದು ಇಲ್ಲ ಅಂತ ಹೇಳುವ ಹಾಗೆ. ಟಿವಿ ಆರಿಸಿ ಮಾತಾಡುವುದು. ತಪ್ಪು ಪದ ಬಂದರೆ ನಗಬಾರದು, ತಿದ್ದಬಾರದು, ಅರ್ಥವಾಯಿತಲ್ಲ ಅಷ್ಟು ಸಾಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಗ್ಗೆಯೂ ಮೇಷ್ಟ್ರೇ ಹೇಳಿದ್ದು. ಹೀಗೆ ಮಾತು ಹೋದವರಿಗೆ ಸ್ಪೀಚ್ ಥೆರಪಿ ಅಂತ ಒಂದು ಇದೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ದುಡ್ಡಿನ ವಿಷಯಕ್ಕೆ ಅವರದು ಸರಿಯಾದ ಮಾರ್ಗದರ್ಶನ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡಾ 30 ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಈ ಯೋಜನೆಯಲ್ಲಿ ಹೋಗಬೇಕಾದರೆ, ತುರ್ತು ಇಲ್ಲದಿದ್ದರೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇಕು. ನಾವು ಲೆಟರ್ ಇಲ್ಲದೆ ಬೆಂಗಳೂರಿಗೆ ಹೋಗಿ ಸಂಜೆವರೆಗೂ ಕೂತು ವಾಪಸ್ ಬಂದವರು. ಈ ಗುಂಪು ಆಗ ಗೊತ್ತಿದ್ದಿದ್ದರೆ ಒಂದು ದಿನವೂ, ಅವರ ಸುಸ್ತೂ ಉಳಿಯುತ್ತಿತ್ತು. ರೈಲಿನಲ್ಲಿ ಕ್ಯಾನ್ಸರ್ ಪೇಷೆಂಟ್ ಚಿಕಿತ್ಸೆಗೆ ಹೋಗುವಾಗ ಸೆಕೆಂಡ್ ಕ್ಲಾಸಿನಲ್ಲಿ ಶೇಕಡಾ 75 ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೂ ಇದೆ, ಆಸ್ಪತ್ರೆಯಲ್ಲಿ ಫಾರಂ ತುಂಬಿಸಿ ಸಹಿ ಹಾಕಿಸಬೇಕು. ನನಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಲ್ಲಿ ಹೇಗೂ ಟಿಕೆಟ್ ಇಲ್ಲ. ಆದರೆ ಅವರಿಗೆ ಬಸ್ಸಿನ ಕುಲುಕಾಟ ಆಗುವುದಿಲ್ಲ, ರೈಲೇ ವಾಸಿ. ಕೈಕಾಲು ಸ್ವಾಧೀನ ಇಲ್ಲದವರಿಗೆ, ಕಣ್ಣು ಮಂಜಾದವರಿಗೆ ಯುಡಿಐಡಿ ಕಾರ್ಡಿನ, ಅಂದರೆ ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿಯ ಅರ್ಜಿಯನ್ನು ಒಬ್ಬ ಕಾಲೇಜು ಹುಡುಗಿ ಅಲ್ಲೇ ಕೂತು ಮೊಬೈಲಿನಲ್ಲಿ ಹಾಕಿಕೊಡುತ್ತಾಳೆ. ದೇವರು ಆ ಮಗುವನ್ನು ಚೆನ್ನಾಗಿಟ್ಟಿರಲಿ.

ನನಗೇ ಆಗದೆ ಹೋದ ದಿನದ ಬಗ್ಗೆ ಒಂದು ಮಾತು. ಎಂಆರ್‌ಐ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಆ ರಾತ್ರಿ ಬರುತ್ತದೆ. ಸಂಕ್ರಾಂತಿ ಆದ ಮೇಲಿನ ಸ್ಕ್ಯಾನಿನ ಹಿಂದಿನ ರಾತ್ರಿ ಹಿತ್ತಲಲ್ಲಿ ಕೂತು ಟೆಲಿ ಮಾನಸ್‌ಗೆ ಫೋನ್ ಮಾಡಿದೆ, 14416. ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ ಅದು. ಗುಂಪಿನ ಗೋಡೆ ಮೇಲೆ ಆ ನಂಬರ್ ಬರೆದಿಟ್ಟಿದ್ದಾರೆ. ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಒಬ್ಬ ಹೆಣ್ಣುಮಗಳು ಮಾತಾಡಿದಳು. ಆಕೆ ಗಡ್ಡೆ ಬಗ್ಗೆ ಏನೂ ಹೇಳಲಿಲ್ಲ. ನಾನು ಯಾವಾಗ ಊಟ ಮಾಡಿದೆ, ಯಾವಾಗ ಮಲಗಿದೆ, ಹೊಲಿಗೆ ಕೆಲಸ ನಡೆಯುತ್ತಿದೆಯಾ ಅಂತ ಕೇಳಿದಳು. ವರ್ಷದಲ್ಲಿ ಮೊದಲ ಸಲ ಯಾರೋ ನನ್ನ ಹೊಲಿಗೆ ಬಗ್ಗೆ ಕೇಳಿದ್ದು. ಸ್ವಲ್ಪ ಅತ್ತೆ. ಆಮೇಲೆ ಮಲಗಿದೆ.

ಈಗ ಗುಂಪಿನಲ್ಲಿ ನನಗೆ ಸರಿ ಕಾಣದ್ದು. ಮೊದಲನೆಯದು ಮೆಟ್ಟಿಲು. ಕೋಣೆ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ, ಹದಿನಾರು ಮೆಟ್ಟಿಲು, ಕಂಬಿ ಒಂದೇ ಕಡೆ ಇದೆ. ಒಂದು ಮಗ್ಗುಲು ಸ್ವಾಧೀನ ಇಲ್ಲದವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಎತ್ತಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ಆ ಮನುಷ್ಯ ಮೇಲೆ ಹೋಗುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದರು. ಬಿಟ್ಟಿ ಕೊಟ್ಟ ಕೋಣೆ, ನಿಜ. ಆದರೆ ಬ್ರೈನ್ ಟ್ಯೂಮರ್ ಇರುವವರು ಸೇರುವ ಜಾಗ ನೆಲಮಟ್ಟದಲ್ಲೇ ಇರಬೇಕು. ನಾನು ಇದನ್ನು ಅಲ್ಲೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ತುಮಕೂರಲ್ಲಿ ಯಾರಾದರೂ ತಿಂಗಳಿಗೊಂದು ಭಾನುವಾರ ಮೂರು ಗಂಟೆ ನೆಲಮಹಡಿಯ ಕೋಣೆ ಕೊಡುವವರಿದ್ದರೆ ದಯವಿಟ್ಟು ತಿಳಿಸಿ.

ಎರಡನೆಯದು, ಎಲ್ಲರನ್ನೂ ಒಟ್ಟಿಗೆ ಕೂರಿಸುವುದು. ಅಲ್ಲಿ ಮೇಷ್ಟ್ರ ತರಹ ಗಡ್ಡೆ ತೆಗೆಸಿ ಕೆಲಸಕ್ಕೆ ಹೋಗುತ್ತಿರುವವರೂ ಇರುತ್ತಾರೆ, ಗ್ಲಿಯೋಬ್ಲಾಸ್ಟೋಮಾ ಅಂದರೆ ಗ್ರೇಡ್ 4, ಅದು ಎರಡನೇ ಸಲ ಬೆಳೆದವರ ಮನೆಯವರೂ ಇರುತ್ತಾರೆ. ನಾನು ಹೋದ ಮೊದಲ ದಿನವೇ ಒಬ್ಬ ಹೆಂಗಸು ತನ್ನ ಗಂಡನ ಕೊನೆಯ ತಿಂಗಳು ಹೇಗಿತ್ತು ಅಂತ ಪೂರ್ತಿ ಹೇಳಿದರು. ಅವರಿಗೆ ಹೇಳಲೇಬೇಕಿತ್ತು, ಹೇಳಲು ಬೇರೆ ಜಾಗ ಎಲ್ಲಿದೆ. ಆದರೆ ನನ್ನ ಪಕ್ಕದಲ್ಲಿ ಹತ್ತು ದಿನದ ಹಿಂದಷ್ಟೇ ಆಪರೇಷನ್ ಆದ ಒಬ್ಬ ಹುಡುಗ ಟೋಪಿ ಹಾಕಿಕೊಂಡು ಕೂತಿದ್ದ. ಅವನ ಮುಖ ನನಗೆ ಈಗಲೂ ಮರೆತಿಲ್ಲ. ಅದಕ್ಕೇ ಹೇಳಿದ್ದು, ಮೊದಲ ಸಲ ನೀವೊಬ್ಬರೇ ಹೋಗಿ ನೋಡಿಕೊಂಡು ಬನ್ನಿ ಅಂತ. ಈಗ ಸಿಸ್ಟರ್ ಸ್ವಲ್ಪ ಬದಲಾಯಿಸಿದ್ದಾರೆ. ಕಾಫಿ ಆದ ಮೇಲೆ ಅಂಥ ಮಾತಿಗೆ ಬೇಕಾದವರು ಮಾತ್ರ ಪಕ್ಕದ ಸಣ್ಣ ಕೋಣೆಗೆ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯದ ಬಗ್ಗೆ ನಾನು ಕೇಳಿದ್ದು ಆ ಸಣ್ಣ ಕೋಣೆಯಲ್ಲಿ. ಕ್ಯಾನ್ಸರ್ ವಾಸಿಯಾಗದ ಹಂತಕ್ಕೆ ಬಂದವರನ್ನು ನೋವಿಲ್ಲದ ಹಾಗೆ ನೋಡಿಕೊಳ್ಳುವ ಜಾಗ, ದುಡ್ಡು ತೆಗೆದುಕೊಳ್ಳುವುದಿಲ್ಲ. ಕೇಳುವಾಗ ಕೈ ನಡುಗಿತು, ಆದರೂ ಕೇಳಿ ಬರೆದುಕೊಂಡೆ. ಗೊತ್ತಿರಬೇಕು ಅಲ್ವಾ.

ಮಕ್ಕಳಿಗೆ ಟ್ಯೂಮರ್ ಆದವರಿಗೆ ಈ ಗುಂಪು ಸಾಲದು. ಶಿರಾ ಕಡೆಯ ಒಬ್ಬ ತಾಯಿ ಎಂಟು ವರ್ಷದ ಮಗನನ್ನು ಕರೆದುಕೊಂಡು ಎರಡು ಸಲ ಬಂದಿದ್ದರು. ಅವರ ಪ್ರಶ್ನೆಗಳೇ ಬೇರೆ. ಸ್ಕೂಲು, ಎತ್ತರ ಬೆಳೆಯುವುದು, ಕೂದಲು ಹೋಗಿದ್ದಕ್ಕೆ ಬೇರೆ ಮಕ್ಕಳು ಆಡುವ ಮಾತು. ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಮೂರನೇ ಸಲ ಅವರು ಬರಲಿಲ್ಲ.

ವಾಟ್ಸಾಪ್ ಗುಂಪಿಗೆ ಸೇರುವುದು ನಿಮ್ಮ ಇಷ್ಟ. ಮೊದಲು ಅದರಲ್ಲಿ ಗಿಡಮೂಲಿಕೆ, ಕಷಾಯ, ಗಡ್ಡೆ ಕರಗಿಸುವ ಪುಡಿ ಅಂತ ದಿನಕ್ಕೆ ಹತ್ತು ಮೆಸೇಜ್ ಬರುತ್ತಿತ್ತು. ಯಾರೋ ನಾಟಿ ಔಷಧಿ ಮಾರುವವರು ಪೇಷೆಂಟ್ ಕಡೆಯವರು ಅಂತ ಹೇಳಿಕೊಂಡು ಒಳಗೆ ಸೇರಿದ್ದರಂತೆ. ಒಬ್ಬರು ನಲವತ್ತು ಸಾವಿರ ಕೊಟ್ಟು, ಕೀಮೋ ನಿಲ್ಲಿಸಿ, ಎರಡು ತಿಂಗಳಾದ ಮೇಲೆ ನಡೆಯಲಾಗದ ಸ್ಥಿತಿಯಲ್ಲಿ ವಾಪಸ್ ಆಸ್ಪತ್ರೆಗೆ ಹೋದರು. ಅದಾದ ಮೇಲೆ ಸಿಸ್ಟರ್ ಗುಂಪಿನಲ್ಲಿ ತಾವು ಮತ್ತು ಮೇಷ್ಟ್ರು ಇಬ್ಬರು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಿದ್ದಾರೆ. ನಂಬರನ್ನು ಎಲ್ಲೂ ಹಾಕಬೇಡಿ ಅಂತ ಹೇಳಿದ್ದೂ ಅದಕ್ಕೇ. ಹಾಗಾಗಿ ನಾನು ಇಲ್ಲಿ ಹಾಕಿಲ್ಲ. ನಿಜವಾಗಿ ಬೇಕಾದವರು ನನಗೆ ಮೆಸೇಜ್ ಮಾಡಿ, ನಾನು ಸಿಸ್ಟರ್‌ಗೆ ತಿಳಿಸುತ್ತೇನೆ, ಅವರೇ ನಿಮಗೆ ಫೋನ್ ಮಾಡುತ್ತಾರೆ.

ಸಣ್ಣಪುಟ್ಟದ್ದು: ಹತ್ತೂವರೆ ಅಂದರೆ ಹನ್ನೊಂದಾಗುತ್ತದೆ. ಕಾಫಿ ಚೆನ್ನಾಗಿರುತ್ತದೆ. ಫ್ಯಾನ್ ಎರಡೇ ಇರುವುದು, ಬೇಸಿಗೆಯಲ್ಲಿ ಕಷ್ಟ. ಒಬ್ಬರು ಯಜಮಾನರಿದ್ದಾರೆ, ಮಾತು ಶುರು ಮಾಡಿದರೆ ನಿಲ್ಲಿಸುವುದಿಲ್ಲ, ಆಗ ಮೇಷ್ಟ್ರು ಎದ್ದು ಹೋಗಿ ಅವರ ಹೆಗಲ ಮೇಲೆ ಕೈ ಇಡುತ್ತಾರೆ, ಅವರು ನಿಲ್ಲಿಸುತ್ತಾರೆ. ನೋಡಿಕೊಳ್ಳುವವರಲ್ಲಿ ಗಂಡಸರು ಬರುವುದು ಕಮ್ಮಿ. ಹೆಂಡತಿಗೆ ಟ್ಯೂಮರ್ ಆದವರು ಬಾಗಿಲ ತನಕ ಬಿಟ್ಟು ಹೊರಗೆ ಗಾಡಿ ಹತ್ತಿರ ನಿಂತಿರುತ್ತಾರೆ. ಅಣ್ಣಂದಿರೇ, ಒಳಗೆ ಬನ್ನಿ. ನಿಮ್ಮ ಕಷ್ಟವನ್ನೂ ಕೇಳುವವರು ಅಲ್ಲಿದ್ದಾರೆ.

ಜೂನ್ 8 ವಿಶ್ವ ಬ್ರೈನ್ ಟ್ಯೂಮರ್ ದಿನ. ಜರ್ಮನಿಯವರು 2000ದಲ್ಲಿ ಶುರು ಮಾಡಿದ್ದಂತೆ. ಈ ಸಲ ಅದಕ್ಕೆ ಹತ್ತಿರವಾಗಿಯೇ ನಮ್ಮ ಎರಡನೇ ಭಾನುವಾರವೂ ಬರುತ್ತದೆ. ಭಾಷಣ ಏನೂ ಇಲ್ಲ. ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಕೆಳಗಿನ ಅಂಗಡಿಯವರಿಗೆ, ಆಟೋದವರಿಗೆ ಕರೆದು ತೋರಿಸುವುದು ಅಂತ ತೀರ್ಮಾನವಾಗಿದೆ. ಚಾಪೆ ಮೇಲೆ ಈ ಸಲ ನಾನು ಮಲಗುತ್ತೇನೆ ಅಂತ ನಮ್ಮ ಯಜಮಾನರು ಸನ್ನೆಯಲ್ಲಿ ಹೇಳಿದ್ದಾರೆ.

ನಾವು ಗುಬ್ಬಿಯಿಂದ ಬೆಳಗಿನ ರೈಲಿಗೆ ಬರುತ್ತೇವೆ. ಆ ಕಡೆಯಿಂದ ಬರುವವರಿದ್ದರೆ ಮೊದಲೇ ತಿಳಿಸಿ, ಸ್ಟೇಷನ್ನಿಂದ ಒಂದೇ ಆಟೋದಲ್ಲಿ ಹೋಗಬಹುದು. ನಡೆಯಲು ಆಗದವರು ಜೊತೆಗಿದ್ದರೆ ಅದನ್ನೂ ಹೇಳಿ, ಮೆಟ್ಟಿಲು ಹತ್ತಿಸಲು ಇಬ್ಬರು ಹುಡುಗರಿಗೆ ಕೆಳಗೇ ಕಾಯಲು ಹೇಳಿರುತ್ತೇನೆ.